ಕಾಡುಕುರಿ ಮರಿಯನ್ನು ಮನೆಯಲ್ಲಿ ಸಾಕುತ್ತಿದ್ದಾರೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಪಕ್ಕದ ಮನೆಯವರು ಕಾಡುಕುರಿ (ಬೊಗಳುವ ಜಿಂಕೆ) ಮರಿಯೊಂದನ್ನು ಸಾಕುತ್ತಿದ್ದಾರೆ. ಅಡಿಕೆ ತೋಟದ ಅಂಚಿನಲ್ಲಿ ಒಂಟಿಯಾಗಿ ಮಲಗಿತ್ತಂತೆ, ತಬ್ಬಲಿ ಎಂದುಕೊಂಡು ಎತ್ತಿಕೊಂಡು ಬಂದಿದ್ದಾರೆ. ಆದರೆ ತಾಯಿ ಮರಿಯನ್ನು ಪೊದೆಯಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಆಮೇಲೆ ಬಂದು ಹಾಲುಣಿಸುತ್ತದೆ.

ಅವರು ಕೆಟ್ಟವರಲ್ಲ. ಮಕ್ಕಳು ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿ, ಜೊತೆಗೇ ಮಲಗಿಸಿಕೊಳ್ಳುತ್ತಾರೆ. ನನಗೆ ಭಯ ಇರುವುದೇ ಅಲ್ಲಿ. ಮನುಷ್ಯರ, ನಾಯಿಗಳ ಹೆದರಿಕೆ ಹೋದ ಪ್ರಾಣಿ ಮತ್ತೆ ಕಾಡಿನಲ್ಲಿ ಬದುಕುವುದು ಕಷ್ಟ. ಗಂಡಾದರೆ ಮುಂದೆ ಕೊಂಬು, ಕೋರೆಹಲ್ಲು ಬರುತ್ತವೆ. ಆಗ ಕಟ್ಟಿಹಾಕುತ್ತಾರೆ, ಅಲ್ವಾ? ಎಷ್ಟೇ ಪ್ರೀತಿ ಇರಲಿ, ಅದರ ಕಾಡನ್ನು ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದು ಅಪರಾಧ ಎಂದು ನಾನೇ ಅವರಿಗೆ ಹೇಳಿದೆ. ಈಗ ಕೇಸಿನ ಹೆದರಿಕೆಗೆ ರಾತ್ರೋರಾತ್ರಿ ಎಲ್ಲಾದರೂ ಬಿಟ್ಟುಬಿಡುತ್ತಾರೇನೋ ಎಂಬ ಚಿಂತೆ. ಹಾಗೆ ಬಿಟ್ಟರೆ ನಾಯಿಗಳ ಪಾಲು.

ಇಂಥ ಮರಿಯನ್ನು ತಾವಾಗಿಯೇ ಅರಣ್ಯ ಇಲಾಖೆಗೆ ಒಪ್ಪಿಸಿದವರು ಇದ್ದೀರಾ? ಕೇಸ್ ಹಾಕಿದರಾ? ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪ ಮೃಗಾಲಯಕ್ಕೆ ಕಳಿಸುತ್ತಾರಾ, ಇಲ್ಲಾ ಕಾಡಿಗೇ ಮರಳಿಸಲು ನೋಡುತ್ತಾರಾ? ಅಲ್ಲಿಯವರೆಗೆ ಏನು ಕುಡಿಸಬೇಕು ಎಂದು ಪಶುವೈದ್ಯರು ಯಾರಾದರೂ ದಯವಿಟ್ಟು ತಿಳಿಸಿ. ಸುಮ್ನೆ ಬೈಯುವ ಕಾಮೆಂಟ್ ಬೇಡ, ಉತ್ತರಗಳನ್ನು ಅವರಿಗೂ ತೋರಿಸಬೇಕು.