ಹವಾಮಾನ ಇಲಾಖೆಯವರಿಗೆ ಕ್ಲೈಮೇಟ್ ಫಂಡ್ ತರಬೇತಿ, ಅದೂ ಆನ್‌ಲೈನ್‌ನಲ್ಲಿ: ಮಾಡಿದವರು ಯಾರಾದರೂ ಇದ್ದೀರಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಆನ್‌ಲೈನ್ ಕೋರ್ಸ್‌ಗಳನ್ನು ಡಿಸೈನ್ ಮಾಡುತ್ತೇನೆ. ಇಷ್ಟು ದಿನ ಬ್ಯಾಂಕು, ಆಸ್ಪತ್ರೆಗಳ ಕೆಲಸವೇ ಜಾಸ್ತಿ. ಈಗ ಪೆಸಿಫಿಕ್ ದ್ವೀಪ ದೇಶಗಳ ಹವಾಮಾನ ಇಲಾಖೆಯ ಸಿಬ್ಬಂದಿಗೆ ಒಂದು ಕೋರ್ಸ್ ಮಾಡಿಕೊಡಿ ಎಂದು ಕೇಳಿದ್ದಾರೆ. ಹವಾಮಾನ ಬದಲಾವಣೆ ಎದುರಿಸಲು ಅಭಿವೃದ್ಧಿಶೀಲ ದೇಶಗಳಿಗೆ ಹಣ ಕೊಡುವ ಗ್ರೀನ್ ಕ್ಲೈಮೇಟ್ ಫಂಡ್, ಅಂದರೆ ಜಿಸಿಎಫ್, ಮತ್ತು ಅಂಥ ಬೇರೆ ನಿಧಿಗಳಿಂದ ಹಣ ಪಡೆಯುವುದು ಹೇಗೆ ಅನ್ನುವುದು ವಿಷಯ. ಕೈಗೆ ಒಂದು ದೊಡ್ಡ ಸ್ಲೈಡ್ ಕಂತೆ ಕೊಟ್ಟಿದ್ದಾರೆ. ಪ್ಯಾರಿಸ್ ಒಪ್ಪಂದದಿಂದ ಶುರುವಾಗಿ ಅರ್ಜಿ ನಮೂನೆಯ ಕೊನೆಯ ಕಾಲಂವರೆಗೆ ಎಲ್ಲಾ ಇದೆ. ಓದಿದರೆ ನನಗೇ ನಿದ್ದೆ ಬರುತ್ತದೆ. ಇಂಥ ಕೆಲಸ ಮಾಡಿದವರು ಏನು ಹೇಳುತ್ತೀರಿ?

ಉತ್ತರ: ಪೆಸಿಫಿಕ್ ಕಡೆ ತರಬೇತಿ ನಡೆಸಿದವರು

ಸ್ಲೈಡ್ ಕಂತೆ ಪಕ್ಕಕ್ಕಿಡಿ ಮೇಡಂ. ಯಾರನ್ನು ಕೂರಿಸುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಲಿ, ಏನು ಕಲಿಸುತ್ತೀರಿ ಅನ್ನುವುದು ಆಮೇಲೆ.

ಯಾಕೆಂದರೆ ಹವಾಮಾನ ಇಲಾಖೆ ತಾನೇ ಹೋಗಿ ಜಿಸಿಎಫ್ ಹತ್ತಿರ ಹಣ ಕೇಳುವ ಹಾಗಿಲ್ಲ. ಜಿಸಿಎಫ್ ಕಚೇರಿ ಇರುವುದು ದಕ್ಷಿಣ ಕೊರಿಯಾದ ಸಾಂಗ್ಡೋದಲ್ಲಿ. ಅದು ಯೋಜನೆಗಳಿಗೆ ತಾನು ಮಾನ್ಯತೆ ಕೊಟ್ಟ ಸಂಸ್ಥೆಗಳ ಮೂಲಕ ಹಣ ಕೊಡುತ್ತದೆ. ಭಾರತದಲ್ಲಿ ನಬಾರ್ಡ್ ಅಂಥದ್ದೊಂದು. ಪೆಸಿಫಿಕ್‌ನಲ್ಲಿ ಸಮೋವಾದ ಅಪಿಯಾದಲ್ಲಿರುವ ಪ್ರಾದೇಶಿಕ ಪರಿಸರ ಸಂಸ್ಥೆ ಸ್ಪ್ರೆಪ್, ಅದಲ್ಲದೆ ವಿಶ್ವಸಂಸ್ಥೆಯ ಯುಎನ್‌ಡಿಪಿ, ಯುಎನ್‌ಇಪಿ ತರಹದವು. ಇದರ ಮೇಲೆ ಆ ದೇಶದ ಗೊತ್ತುಪಡಿಸಿದ ಪ್ರಾಧಿಕಾರ 'ನಮ್ಮ ಆಕ್ಷೇಪ ಇಲ್ಲ' ಎಂದು ಪತ್ರ ಕೊಡಬೇಕು. ಸಾಮಾನ್ಯವಾಗಿ ಅದು ಹಣಕಾಸು ಅಥವಾ ಪರಿಸರ ಸಚಿವಾಲಯ. ನಮ್ಮಲ್ಲಿ ಕೇಂದ್ರ ಪರಿಸರ ಸಚಿವಾಲಯ.

ಹಾಗಾಗಿ ನಿಮ್ಮ ಕೋರ್ಸಿನಲ್ಲಿ ಮುನ್ಸೂಚನೆ ಕೊಡುವ ಅಧಿಕಾರಿ ಒಬ್ಬರೇ ಕೂತು ನೂರಕ್ಕೆ ನೂರು ತೆಗೆದರೂ ಅರ್ಜಿ ಅಲ್ಲಿಂದ ಕದಲುವುದಿಲ್ಲ. ಒಬ್ಬೊಬ್ಬರ ಹೆಸರು ನೋಂದಾಯಿಸಲೇಬೇಡಿ. ದೇಶಕ್ಕೊಂದು ತಂಡ ಕೇಳಿ: ಇಲಾಖೆಯವರು ಇಬ್ಬರು, ಸಹಿ ಹಾಕುವ ಸಚಿವಾಲಯದವರು ಒಬ್ಬರು, ಮಾನ್ಯತೆ ಪಡೆದ ಸಂಸ್ಥೆಯವರು ಒಬ್ಬರು. ಕೋರ್ಸ್ ಕೇಳಿದವರು "ಅಷ್ಟು ಜನ ಸಿಗುವುದಿಲ್ಲ" ಅನ್ನುತ್ತಾರೆ. ತಂಡ ಕಟ್ಟಲು ಆಗದ ದೇಶಕ್ಕೆ ಪ್ರಸ್ತಾವನೆ ಬರೆಯಲೂ ಆಗುವುದಿಲ್ಲ ಅಲ್ವಾ? ಅದು ಮೊದಲೇ ಗೊತ್ತಾಗುವುದು ಒಳ್ಳೆಯದೇ.

ಇನ್ನು ಹೊತ್ತಿನ ವಿಷಯ. ನಿಯುವೆ, ತುವಾಲು ಎರಡೂ ಅಲ್ಲಿನ ದ್ವೀಪ ದೇಶಗಳು. ನಿಯುವೆಯಲ್ಲಿ ಸೋಮವಾರ ಬೆಳಿಗ್ಗೆ 9 ಗಂಟೆ ಅಂದರೆ ತುವಾಲುವಿನಲ್ಲಿ ಮಂಗಳವಾರ ಬೆಳಿಗ್ಗೆ 8. ಗಡಿಯಾರ ಹೆಚ್ಚುಕಡಿಮೆ ಹೊಂದುತ್ತದೆ, ವಾರ ಹೊಂದುವುದಿಲ್ಲ. ದಿನಾಂಕ ರೇಖೆ ಮಧ್ಯೆ ಹಾದು ಹೋಗುತ್ತದೆ. ತುವಾಲುವಿಗೆ ಸೋಮವಾರ ಆದಾಗ ನಿಯುವೆಯಲ್ಲಿ ಭಾನುವಾರ, ಎಲ್ಲರೂ ಚರ್ಚಿನಲ್ಲಿ. ನಿಯುವೆಗೆ ಶುಕ್ರವಾರ ಆದಾಗ ತುವಾಲುವಿನಲ್ಲಿ ಶನಿವಾರ, ಕಚೇರಿ ರಜೆ. ಇಬ್ಬರಿಗೂ ಕೆಲಸದ ದಿನ ಅಂತ ಸಿಗುವುದು ವಾರಕ್ಕೆ 4 ಮಾತ್ರ. ಆಗ ನಿಮಗೆ ಬೆಂಗಳೂರಿನಲ್ಲಿ ಮಧ್ಯರಾತ್ರಿ ಕಳೆದು ಒಂದೂವರೆ. ಅದಕ್ಕೂ ಸೇರಿಸಿ ದರ ಹೇಳಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ದಕ್ಷಿಣ ಪೆಸಿಫಿಕ್‌ನಲ್ಲಿ ಚಂಡಮಾರುತದ ಕಾಲ. ಆಗ ಲೈವ್ ತರಗತಿ ಇಡಬೇಡಿ. ಎಷ್ಟೋ ದ್ವೀಪಗಳಲ್ಲಿ ಹವಾಮಾನ ಕಚೇರಿ ಅಂದರೆ ಬೆರಳೆಣಿಕೆಯ ಜನ, ಅದೂ ಪಾಳಿಯ ಮೇಲೆ. ಚಂಡಮಾರುತ ಎದ್ದರೆ ನಿಮ್ಮ ಕೋರ್ಸ್ ಯಾರಿಗೂ ನೆನಪಿರುವುದಿಲ್ಲ, ಇರಲೂಬಾರದು.

ಇಂಟರ್ನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಡಲ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಂಡು ನೆಟ್ ಇಲ್ಲದೆಯೂ ಓದಬಹುದು. ವಿಡಿಯೊ ಕಡಿಮೆ ಮಾಡಿ, ಇದ್ದರೂ ಜೊತೆಗೆ ಬರಹ ಇರಲಿ. ಕೆಲವು ಸರ್ಕಾರಿ ಕಚೇರಿಗಳಲ್ಲಿ ಯೂಟ್ಯೂಬ್ ತೆರೆಯುವುದೇ ಇಲ್ಲ, ಅದನ್ನು ಮೊದಲೇ ವಿಚಾರಿಸಿ.

ಉತ್ತರ: ಪ್ರಸ್ತಾವನೆ ಬರೆಯುವ ಕಡೆಯವರು

ಮೇಲಿನವರ ತಂಡದ ಮಾತು ಒಪ್ಪುತ್ತೇನೆ, ಆದರೆ ಮೊದಲ ದಿನದಿಂದಲೇ ಎಲ್ಲರನ್ನೂ ಸೇರಿಸಬೇಡಿ. ನಮ್ಮಂಥವರು ಬಂದು ಕೂತರೆ ನಾವೇ ಮಾತಾಡುತ್ತೇವೆ. ಹವಾಮಾನದವರು ಕ್ಯಾಮೆರಾ ಆಫ್ ಮಾಡಿಕೊಂಡು ಸುಮ್ನೆ ಕೇಳುತ್ತಾರೆ. ಮೊದಲ ಒಂದೆರಡು ವಾರ ಅವರವರೇ ಇರಲಿ. ತಮ್ಮ ಮಾತಿನಲ್ಲಿ ತಮ್ಮ ಸಮಸ್ಯೆ ಬರೆಯಲಿ. ಆಮೇಲೆ ಹಣಕಾಸಿನವರನ್ನು ಒಳಗೆ ಬಿಡಿ.

ಇಡೀ ಕೋರ್ಸಿನಲ್ಲಿ ನೀವು ಜಾಸ್ತಿ ಹೊತ್ತು ಕೊಡಬೇಕಾದದ್ದು ಒಂದೇ ಜಾಗಕ್ಕೆ. ಕ್ಲೈಮೇಟ್ ರ್‍ಯಾಷನೇಲ್ ಅನ್ನುತ್ತಾರಲ್ಲ, ಅಂದರೆ ಕೇಳುವ ಹಣಕ್ಕೂ ಹವಾಮಾನ ಬದಲಾವಣೆಗೂ ಏನು ಸಂಬಂಧ ಎಂದು ತೋರಿಸುವ ಭಾಗ, ಅದಕ್ಕೆ. ಅರ್ಜಿಗಳು ಎಡವುವುದು ಅಲ್ಲೇ. ಇಲಾಖೆಯವರು ಬರೆಯುವ ಮೊದಲ ಸಾಲು ಬಹುಮಟ್ಟಿಗೆ ಹೀಗಿರುತ್ತದೆ: "ನಮ್ಮ ಉಪಕರಣ ಹಳೆಯದಾಗಿದೆ, ಹೊಸದು ಬೇಕು." ನಿಧಿಯವರು ಕೇಳುತ್ತಾರೆ: ಹಳೆಯ ಉಪಕರಣ ಬದಲಾಯಿಸುವುದು ನಿಮ್ಮ ಸರ್ಕಾರದ ಮಾಮೂಲಿ ಕೆಲಸ, ಇದರಲ್ಲಿ ಹವಾಮಾನ ಬದಲಾವಣೆಯ ಪಾಲು ಎಷ್ಟು? ಇಲ್ಲಿಗೆ ಮಾತು ನಿಲ್ಲುತ್ತದೆ.

ಇದಕ್ಕೆ ನಾನು ಕೊಡುವ ಅಭ್ಯಾಸ ಇದು. ಉಪಕರಣದ ಹೆಸರು ಎತ್ತದೆ ಬರೆಯಬೇಕು. ಕೊನೆಯ ಮನುಷ್ಯನಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಉದಾಹರಣೆಗೆ ತುವಾಲುವಿನ ಫುನಾಫುಟಿ. ವರ್ಷದ ದೊಡ್ಡ ಉಬ್ಬರಗಳು ಬಂದಾಗ ಊರೊಳಗೆ ನೀರು ನುಗ್ಗುತ್ತದೆ, ಸಮುದ್ರ ಮಟ್ಟ ಏರಿದಷ್ಟೂ ಅದು ಜಾಸ್ತಿಯಾಗುತ್ತದೆ. ಈಗ ಕೇಳಿ: ನೀರು ಬರುತ್ತದೆ ಎಂದು ಮುಂಚೆ ಗೊತ್ತಾದರೆ ಯಾರು ಏನು ಮಾಡುತ್ತಾರೆ? ಅಕ್ಕಪಕ್ಕದ ಮನೆಯವರು ಏನು ಎತ್ತಿಡುತ್ತಾರೆ, ದೋಣಿಯವರು ಏನು ಮಾಡುತ್ತಾರೆ? ಎಷ್ಟು ಗಂಟೆ ಮುಂಚೆ ಬೇಕು? ಯಾವ ಭಾಷೆಯಲ್ಲಿ, ರೇಡಿಯೊದಲ್ಲೋ ಮೊಬೈಲಿನಲ್ಲೋ? ಅಷ್ಟು ಮುಂಚೆ ಹೇಳಬೇಕಾದರೆ ಯಾವ ಅಳತೆ ಬೇಕು? ಉಪಕರಣ ಬರುವುದು ಕೊನೆಯ ಪ್ರಶ್ನೆಗೆ ಉತ್ತರವಾಗಿ. ಹೀಗೆ ಬರೆದರೆ ಅದೇ ಯಂತ್ರವನ್ನು ಕೇಳಿದರೂ ಓದುವವರಿಗೆ ಬೇರೆ ಅರ್ಜಿಯಾಗಿ ಕಾಣುತ್ತದೆ.

ಓದಲು ಕೊಡುವುದಿದ್ದರೆ ವನುವಾಟು ದ್ವೀಪ ದೇಶದ ಹವಾಮಾನ ಮಾಹಿತಿ ಯೋಜನೆ ಕೊಡಿ. 2016ರಲ್ಲಿ ಸ್ಪ್ರೆಪ್ ಮೂಲಕ ಜಿಸಿಎಫ್ ಒಪ್ಪಿಗೆ ಸಿಕ್ಕಿದ್ದು. ಅಲ್ಲಿ ಹವಾಮಾನ ಇಲಾಖೆ ಒಂಟಿಯಾಗಿ ನಿಂತಿಲ್ಲ. ಕೃಷಿ, ಮೀನುಗಾರಿಕೆ, ನೀರು, ಪ್ರವಾಸೋದ್ಯಮ, ಮೂಲಸೌಕರ್ಯ, ಈ 5 ಕ್ಷೇತ್ರಗಳನ್ನು ಜೊತೆಗೆ ಕಟ್ಟಿಕೊಂಡಿದೆ. ಜಿಸಿಎಫ್ ಮೊದಲು ಒಪ್ಪಿದ ಯೋಜನೆಗಳಲ್ಲೇ ಮಲಾವಿಯ ಮುನ್ನೆಚ್ಚರಿಕೆ ವ್ಯವಸ್ಥೆ ಒಂದಿತ್ತು, 2015ರಲ್ಲಿ. ಎರಡೂ ಪ್ರಸ್ತಾವನೆಗಳು ಜಿಸಿಎಫ್ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ಸ್ಲೈಡಿಗಿಂತ ಅವುಗಳ ಹತ್ತು ಪುಟ ಹೆಚ್ಚು ಕಲಿಸುತ್ತವೆ.

ಉತ್ತರ: ನಿವೃತ್ತ ಹವಾಮಾನ ಅಧಿಕಾರಿ, ಕರ್ನಾಟಕ

ನನ್ನದು ಒಂದೇ ಮಾತು ಅಮ್ಮಾ. ರ್‍ಯಾಷನೇಲ್ ಬರೆಯಲು ಅಂಕಿ ಬೇಕು, ಅಂಕಿ ಎಲ್ಲಿದೆ? ಸರಾಸರಿ ತೆಗೆಯಲು 30 ವರ್ಷದ ದಾಖಲೆ ನೋಡುತ್ತಾರೆ, ಈಗ 1991ರಿಂದ 2020. ಅಷ್ಟು ವರ್ಷದ ಮಳೆ ಲೆಕ್ಕ ಎಷ್ಟೋ ಕಡೆ ಇನ್ನೂ ಬೀರುವಿನೊಳಗಿನ ರಿಜಿಸ್ಟರಿನಲ್ಲಿರುತ್ತದೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಮಟ್ಟದವರೆಗೆ ಅಳತೆಯನ್ನು ತಾವೇ ಕಳಿಸುವ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ. ಅದನ್ನು ನೋಡಿ ಬೆಳೆದವರು ಎಲ್ಲಾ ಕಡೆ ಹಾಗೇ ಅಂದುಕೊಳ್ಳುತ್ತಾರೆ. ನಿಮ್ಮ ಮೊದಲ ಮನೆಗೆಲಸ ಇದಾಗಲಿ: ಒಂದು ಹವಾಮಾನ ಕೇಂದ್ರ ಆರಿಸಿ, ಯಾವ ವರ್ಷದ ದಾಖಲೆ ಇದೆ, ಯಾವುದು ಇಲ್ಲ, ಮಧ್ಯೆ ಮಾಪಕ ಎಲ್ಲಿಗಾದರೂ ಸ್ಥಳಾಂತರ ಆಗಿದೆಯಾ ಎಂದು ಒಂದು ಪುಟದಲ್ಲಿ ಬರೆದು ತನ್ನಿ. ಮಾಪಕ ಜಾಗ ಬದಲಾಯಿಸಿದ್ದನ್ನು ಮರೆತು 'ಮಳೆ ಹೆಚ್ಚಾಗಿದೆ' ಎಂದು ಬರೆದರೆ ತಜ್ಞರು ಒಂದೇ ಏಟಿಗೆ ಹಿಡಿಯುತ್ತಾರೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಇನ್ನೆರಡು ಸಂಶಯ. ಸ್ಲೈಡ್‌ನಲ್ಲಿ ಸಾಫ್, ಕ್ರೂಸ್, ಅಡಾಪ್ಟೇಶನ್ ಫಂಡ್ ಅಂತ ಹತ್ತಾರು ನಿಧಿಗಳ ಹೆಸರಿವೆ. ಎಲ್ಲಾ ಕಲಿಸಬೇಕಾ? ಮತ್ತೆ, ಪ್ರತಿ ಪಾಠಕ್ಕೂ ಕ್ವಿಜ್, ಕೊನೆಗೆ ಸರ್ಟಿಫಿಕೇಟ್ ಬೇಕೇ ಬೇಕು ಅನ್ನುತ್ತಿದ್ದಾರೆ.

ಉತ್ತರ: ಪೆಸಿಫಿಕ್ ಕಡೆ ತರಬೇತಿ ನಡೆಸಿದವರು

ಎಲ್ಲಾ ಬೇಡ. ಜಿಸಿಎಫ್ ಜೊತೆಗೆ ಸಾಫ್ ಒಂದನ್ನು ಸರಿಯಾಗಿ ಕಲಿಸಿ. ವಿಶ್ವ ಹವಾಮಾನ ಸಂಸ್ಥೆ, ಯುಎನ್‌ಡಿಪಿ, ಯುಎನ್‌ಇಪಿ ಸೇರಿ ಕಟ್ಟಿದ್ದು. 2021ರಲ್ಲಿ ಗ್ಲಾಸ್ಗೋ ಹವಾಮಾನ ಶೃಂಗಸಭೆಯಲ್ಲಿ ಘೋಷಣೆ, 2022ರಲ್ಲಿ ಕೆಲಸ ಶುರು. ಇದು ಹವಾಮಾನ ಇಲಾಖೆಗಳಿಗೆಂದೇ ಇರುವ ನಿಧಿ. ಸಣ್ಣ ದ್ವೀಪ ದೇಶ, ಬಡ ದೇಶಗಳಿಗೆ ಅನುದಾನ ಕೊಡುತ್ತದೆ, ಸಾಲ ಅಲ್ಲ. ಫಿನ್ಲೆಂಡಿನಂಥ ದೇಶದ ಹವಾಮಾನ ಇಲಾಖೆಯವರೇ ಬಂದು ಸಲಹೆ ಕೊಡುತ್ತಾರೆ, ಹಾಗಾಗಿ ಮಾತು ಬೇಗ ಹತ್ತುತ್ತದೆ. ಮುಖ್ಯವಾಗಿ, ಹವಾಮಾನ ಕೇಂದ್ರ ಕಟ್ಟಿ ಕೈತೊಳೆದುಕೊಳ್ಳುವುದಿಲ್ಲ. ಆಮೇಲೂ ದತ್ತಾಂಶ ಹಂಚಿಕೊಳ್ಳುತ್ತಿದ್ದರೆ ಅದರ ಆಧಾರದ ಮೇಲೆ ಹಣ ಬರುತ್ತದೆ.

ಇದು ಯಾಕೆ ದೊಡ್ಡದು ಅನ್ನುವುದು ಬಲೂನಿನ ಲೆಕ್ಕ ಹಾಕಿಸಿದರೆ ತಿಳಿಯುತ್ತದೆ. ಮೇಲಿನ ಗಾಳಿಯನ್ನು ಅಳೆಯಲು ದಿನಕ್ಕೆ 2 ಬಲೂನ್ ಬಿಡಬೇಕು, ವರ್ಷಕ್ಕೆ 730. ಒಂದೊಂದಕ್ಕೂ ಹೊಸ ರೇಡಿಯೊಸಾಂಡ್ (ಬಲೂನಿಗೆ ಕಟ್ಟುವ ಅಳತೆ ಉಪಕರಣ), ಹೊಸ ಬಲೂನ್, ಗ್ಯಾಸ್. ಹೋದದ್ದು ಸಾಮಾನ್ಯವಾಗಿ ಸಮುದ್ರದ ಪಾಲು. ಇವುಗಳ ದರ, ಹಡಗಿನ ಸಾಗಣೆ, ಕರೆಂಟು, ಇಬ್ಬರ ಸಂಬಳ, ಇಷ್ಟನ್ನು ಎಕ್ಸೆಲ್‌ನಲ್ಲಿ ತಂಡದವರೇ ತಮ್ಮ ದೇಶದ ದರ ಹಾಕಿ 10 ವರ್ಷಕ್ಕೆ ತುಂಬಲಿ. 5 ವರ್ಷದ ಯೋಜನೆ ಮುಗಿದ ಮೇಲಿನ ಸಾಲುಗಳ ಎದುರು "ಇದನ್ನು ಕೊಡುವವರು ಯಾರು" ಎಂಬ ಕಾಲಂ ಇಡಿ. ಸಚಿವಾಲಯದವರು ಪಕ್ಕದಲ್ಲೇ ಇರಬೇಕು ಅಂದದ್ದು ಈ ಕಾಲಂಗೋಸ್ಕರ. ದಾನಿಗಳು ಕೊಟ್ಟ ಸ್ವಯಂಚಾಲಿತ ಕೇಂದ್ರಗಳು ಬಿಡಿಭಾಗ ಇಲ್ಲದೆ ಸುಮ್ಮನೆ ನಿಂತಿರುವುದು ಆ ಕಡೆ ಹೊಸ ಸಂಗತಿ ಅಲ್ಲ.

ಮಿಕ್ಕ ನಿಧಿಗಳಿಗೆ ಒಂದು ಪುಟ ಸಾಕು. ಮೊತ್ತ, ಮಿತಿಗಳನ್ನು ವಿಡಿಯೊದಲ್ಲಿ ಹೇಳಿಸಲೇಬೇಡಿ. ಜಿಸಿಎಫ್‌ನ ಸರಳ ಅರ್ಜಿ ದಾರಿಯಲ್ಲಿ ಮಿತಿ ಮೊದಲು 1 ಕೋಟಿ ಡಾಲರ್ ಇತ್ತು, ಆಮೇಲೆ 2.5 ಕೋಟಿಗೆ ಏರಿತು. ಹಳೆಯ ಅಂಕಿ ಹೇಳುವ ವಿಡಿಯೊ ಇಟ್ಟುಕೊಂಡು ಏನು ಮಾಡುತ್ತೀರಿ? ಬದಲಾಗುವ ಅಂಕಿಗಳೆಲ್ಲ ತಿದ್ದಲು ಬರುವ ಒಂದೇ ಪುಟದಲ್ಲಿರಲಿ. ಹವಾಮಾನ ವಿಜ್ಞಾನದ ಮೂಲ ಪಾಠವನ್ನೂ ಹೊಸದಾಗಿ ಮಾಡಬೇಡಿ, ಮೆಟ್‌ಎಡ್ ಅನ್ನುವ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ.

ಉತ್ತರ: ಪ್ರಸ್ತಾವನೆ ಬರೆಯುವ ಕಡೆಯವರು

ಕ್ವಿಜ್ ಬೇಕೆಂದರೆ ಇಟ್ಟುಬಿಡಿ, ಜಗಳ ಆಡುವ ವಿಷಯ ಅಲ್ಲ. ಸರ್ಟಿಫಿಕೇಟ್ ಮಾತ್ರ ಕ್ವಿಜ್‌ಗೆ ಕೊಡಬೇಡಿ. ತಂಡ ಒಂದು ಕಾನ್ಸೆಪ್ಟ್ ನೋಟ್, ಅಂದರೆ ಪೂರ್ತಿ ಪ್ರಸ್ತಾವನೆಗೆ ಮುಂಚಿನ ಚಿಕ್ಕ ಟಿಪ್ಪಣಿಯ, ಕರಡು ಕೊಟ್ಟರೆ, ತಂಡಕ್ಕೇ ಕೊಡಿ. ಅದು ಅಪೂರ್ಣವಾಗಿದ್ದರೂ ಪರವಾಗಿಲ್ಲ.

ಆದರೆ ಕರಡನ್ನು ಯಾರಾದರೂ ಓದಿ ತಿದ್ದಬೇಕು. ಯಾರೂ ಓದುವುದಿಲ್ಲ ಎಂದು ಗೊತ್ತಾದರೆ ಎರಡನೇ ವಾರಕ್ಕೇ ತಂಡಗಳು ಬರೆಯುವುದನ್ನು ಬಿಡುತ್ತವೆ. ಜಿಸಿಎಫ್ ಅರ್ಜಿ ಬರೆದು ಪಳಗಿದ ಒಬ್ಬರು ಬೇಕು, ಅವರು ಪುಕ್ಕಟೆ ಬರುವುದಿಲ್ಲ. ಕೋರ್ಸ್ ಮುಗಿದ ಮೇಲೂ ಒಂದೆರಡು ತಿಂಗಳು ಅವರು ಮೇಲ್‌ಗೆ ಉತ್ತರಿಸುವಂತಿರಬೇಕು. ನೀವಿನ್ನೂ ಒಪ್ಪಂದಕ್ಕೆ ಸಹಿ ಹಾಕಿಲ್ಲ ಅಂದರೆ ಅವರ ಸಂಭಾವನೆಯನ್ನು ಈಗಲೇ ಬೇರೆ ಸಾಲಾಗಿ ಸೇರಿಸಿ. ಸಹಿ ಆದ ಮೇಲೆ ಕೇಳಿದರೆ ಅನಿಮೇಶನ್‌ಗೆ ಹಣ ಸಿಗುತ್ತದೆ, ಕರಡು ಓದಿ ತಿದ್ದುವವರಿಗೆ ಸಿಗುವುದಿಲ್ಲ.