11 ಮಿ.ಮೀ. ಕಲ್ಲು: ಶಾಕ್‌ವೇವ್ ಕೊಡಿಸೋದಾ, ಲೇಸರ್ ಮಾಡಿಸೋದಾ?

ದಾವಣಗೆರೆಯಿಂದ ಪ್ರಶ್ನೆ: ಅಪ್ಪಾಜಿಗೆ 56 ವರ್ಷ, ಶುಗರ್ ಇದೆ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಎಡ ಕಿಡ್ನಿಯ ಕೆಳಭಾಗದಲ್ಲಿ 11 ಮಿ.ಮೀ., ಅದೇ ಕಡೆ ಮೂತ್ರನಾಳದ ಕೆಳತುದಿಯಲ್ಲಿ 6 ಮಿ.ಮೀ. ಕಲ್ಲು ಅಂತ ಬಂದಿದೆ. ಒಬ್ಬ ಡಾಕ್ಟರು ಶಾಕ್‌ವೇವ್ (ಮೈ ಹೊರಗಿನಿಂದ ತರಂಗ ಕೊಟ್ಟು ಕಲ್ಲು ಒಡೆಯೋದು) ಅಂತಾರೆ, ಇನ್ನೊಬ್ಬರು ಲೇಸರ್ ಅಂತಾರೆ. ಮನೇಲಿ ಬಾಳೆದಿಂಡಿನ ರಸ ಕುಡಿಸಿ ಸಾಕು ಅಂತಿದ್ದಾರೆ. ತಿಳಿದವರು ಹೇಳಿ.

ಚಿತ್ರದುರ್ಗ, ಸ್ಕ್ಯಾನಿಂಗ್ ವಿಭಾಗದವರು: ಅಲ್ಟ್ರಾಸೌಂಡ್ ಒಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಅದರಲ್ಲಿ ಕಲ್ಲಿನ ಅಳತೆ ಹೆಚ್ಚುಕಡಿಮೆ ಆಗುತ್ತೆ, ಕರುಳಿನ ಗ್ಯಾಸ್ ಅಡ್ಡ ಬಂದರೆ ನಾಳದ ನಡುಭಾಗ ಕಾಣೋದೇ ಇಲ್ಲ. ಎನ್‌ಸಿಸಿಟಿ ಕೆಯುಬಿ ಮಾಡಿಸಿ. ಕಿಡ್ನಿ, ಮೂತ್ರನಾಳ, ಮೂತ್ರಕೋಶಕ್ಕೆ ಮಾಡುವ, ಡೈ ಇಂಜೆಕ್ಷನ್ ಇಲ್ಲದ ಸಿಟಿ ಅದು, ಹಾಗಾಗಿ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ ರಕ್ತದ ಲೆಕ್ಕ) ಸ್ವಲ್ಪ ಜಾಸ್ತಿ ಇದ್ದರೂ ಮಾಡಿಸಬಹುದು. ರಿಪೋರ್ಟಿನಲ್ಲಿ ಕಲ್ಲಿನ ಅಳತೆ, ಕಿಡ್ನಿ ಊದಿದೆಯಾ ಅನ್ನೋದರ ಜೊತೆಗೆ ‘ಎಚ್‌ಯು’ ಅಂತ ಒಂದು ಸಂಖ್ಯೆ ಬರೆಸಿಕೊಳ್ಳಿ. ಅದು ಕಲ್ಲಿನ ಗಟ್ಟಿತನದ ಅಂದಾಜು. 1000 ದಾಟಿದ್ದರೆ ಶಾಕ್‌ವೇವ್‌ಗೆ ಸುಲಭವಾಗಿ ಒಡೆಯಲ್ಲ. 500ಕ್ಕಿಂತ ಕಡಿಮೆ ಇದ್ದು, ಎಕ್ಸ್‌ರೇನಲ್ಲೂ ಕಾಣದಿದ್ದರೆ ಯೂರಿಕ್ ಆಸಿಡ್ ಕಲ್ಲಿರಬಹುದು. ಶುಗರ್ ಇರುವವರ ಮೂತ್ರದಲ್ಲಿ ಆಮ್ಲ ಹೆಚ್ಚಿರುತ್ತೆ, ಅವರಿಗೆ ಈ ಜಾತಿ ಕಲ್ಲು ಆಗೋದು ಜಾಸ್ತಿ. ಮಾತ್ರೆಯಲ್ಲಿ ನಿಜವಾಗಿ ಕರಗೋ ಕಲ್ಲು ಮುಖ್ಯವಾಗಿ ಇದೇ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಪಿಎಚ್ (ಆಮ್ಲದ ಅಳತೆ, ಹೆಚ್ಚಿದಷ್ಟೂ ಆಮ್ಲ ಕಡಿಮೆ) 6.5ರಿಂದ 7ರ ಒಳಗೆ ಇಡುತ್ತಾರೆ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡದೆ ಶುರು ಮಾಡುವ ಹಾಗಿಲ್ಲ.

ದಾವಣಗೆರೆ, ಯೂರಾಲಜಿ ವಿಭಾಗದವರು: ಮೇಲಿನವರು ಹೇಳಿದ್ದು ಸರಿ, ಮೊದಲು ಸಿಟಿ. ನಿಮ್ಮ ತಂದೆಯವರದ್ದು ಒಂದೇ ಕಾಯಿಲೆ ಅಂದುಕೊಳ್ಳಬೇಡಿ, ಎರಡು ಕಲ್ಲಿನ ಲೆಕ್ಕ ಬೇರೆ ಬೇರೆ.

ನಾಳದ ತುದಿಯ 6 ಮಿ.ಮೀ. ಕಲ್ಲು ತಾನೇ ಬಿದ್ದುಹೋಗುವ ಅವಕಾಶ ಇದೆ. ನಾಳ ಸಡಿಲಿಸುವ ಟಾಮ್ಸುಲೋಸಿನ್ ಮಾತ್ರೆ 0.4 ಮಿ.ಗ್ರಾಂ ರಾತ್ರಿ ಒಂದರಂತೆ ಬರೆದು, ಸಾಮಾನ್ಯವಾಗಿ 4 ವಾರದವರೆಗೆ ಕಾಯುತ್ತಾರೆ. ಆ ಮಾತ್ರೆಗೆ ಬಿಪಿ ಇಳಿದು ತಲೆ ಸುತ್ತಬಹುದು, ರಾತ್ರಿ ಹಾಸಿಗೆಯಿಂದ ನಿಧಾನವಾಗಿ ಏಳಲಿ. ಜ್ವರ ಇರಬಾರದು, ನೋವು ತಡೆಯುವಂತಿರಬೇಕು, ಕ್ರಿಯಾಟಿನಿನ್ ಏರಬಾರದು. ಇಷ್ಟಿದ್ದರೆ ಮಾತ್ರ ಕಾಯೋದು.

ಕಿಡ್ನಿ ಕೆಳಭಾಗದ 11 ಮಿ.ಮೀ. ಕಲ್ಲಿನದ್ದು ಜಾಗದ ಸಮಸ್ಯೆ. ಶಾಕ್‌ವೇವ್‌ನಲ್ಲಿ ಅದು ಒಡೆದರೂ ಚೂರುಗಳು ಕೊಡದ ತಳದ ಗಸಿಯಂತೆ ಅಲ್ಲೇ ಕೂರುತ್ತವೆ, ಮೇಲೆ ಹತ್ತಿ ಹೊರಗೆ ಬರಬೇಕಲ್ಲ. ಒಂದು ಸಿಟ್ಟಿಂಗ್‌ಗೆ ಮುಗಿಯದೇ ಇರಬಹುದು. ಚೂರುಗಳು ನಾಳದಲ್ಲಿ ಸಾಲುಗಟ್ಟಿ ಸಿಕ್ಕಿಕೊಳ್ಳೋದೂ ಉಂಟು. ಇದೇ ಕಲ್ಲು ಕಿಡ್ನಿಯ ಮೇಲ್ಭಾಗದಲ್ಲಿ ಮೆತ್ತಗಿದ್ದಿದ್ದರೆ ಶಾಕ್‌ವೇವ್ ಒಳ್ಳೆಯ ಆಯ್ಕೆ. ನಾಳದ ಕಲ್ಲಿಗೆ ಹೇಗೂ ಯುಆರ್‌ಎಸ್ (ಮೂತ್ರದ ದಾರಿಯಿಂದ ನಾಳದೊಳಗೆ ಸ್ಕೋಪ್ ಹಾಕಿ ಕಲ್ಲು ತೆಗೆಯೋದು) ಮಾಡಬೇಕಾಗಿ ಬಂದರೆ, ಅದೇ ಅರಿವಳಿಕೆಯಲ್ಲಿ ಬಾಗುವ ಸ್ಕೋಪ್ ಮೇಲಕ್ಕೆ ಕಳಿಸಿ ಲೇಸರ್‌ನಿಂದ ಇದನ್ನೂ ಪುಡಿ ಮಾಡಬಹುದು. ಅದನ್ನೇ ಆರ್‌ಐಆರ್‌ಎಸ್ ಅನ್ನೋದು. ನಾಳ ಕಿರಿದಾಗಿದ್ದರೆ ಸ್ಕೋಪ್ ಹತ್ತಲ್ಲ. ಆಗ ನಾಳದೊಳಗೆ ಸ್ಟೆಂಟ್ ಅನ್ನೋ ಮೆತ್ತನೆ ಟ್ಯೂಬ್ ಹಾಕಿ ಒಂದೆರಡು ವಾರ ಬಿಟ್ಟು ಮತ್ತೆ ಮಾಡುತ್ತಾರೆ, ಗಾಬರಿ ಬೇಡ. ಬೆನ್ನಿನಿಂದ ರಂಧ್ರ ಮಾಡುವ ಪಿಸಿಎನ್‌ಎಲ್ ಮುಖ್ಯವಾಗಿ 20 ಮಿ.ಮೀ. ದಾಟಿದ ಕಲ್ಲಿಗೆ.

ಇದೊಂದು ಮರೆಯಬೇಡಿ: ಪಕ್ಕೆ ನೋವಿನ ಜೊತೆ ಚಳಿಜ್ವರ ಬಂತು ಅಂದರೆ ಅದು ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕಾದ ಕೇಸು. ನಾಳ ಕಟ್ಟಿಕೊಂಡು ಮೇಲೆ ಸೋಂಕು ಶುರುವಾದರೆ, ಅದರಲ್ಲೂ ಶುಗರ್ ಇರುವವರಿಗೆ, ಜೀವಕ್ಕೇ ಅಪಾಯ. ಆಗ ಮೊದಲು ಸ್ಟೆಂಟ್ ಅಥವಾ ಬೆನ್ನಿನಿಂದ ಟ್ಯೂಬ್ ಹಾಕಿ ಮೂತ್ರ ಹೊರಗೆ ಬಿಡಬೇಕು. ಕಲ್ಲು ತೆಗೆಯೋದು ಸೋಂಕು ಇಳಿದ ಮೇಲೆ. ನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗಿಸುತ್ತಾ ಕೂರಬೇಡಿ, ಕಿಡ್ನಿಯ ಕೆಲಸ ಕುಗ್ಗಿದ್ದರೆ ಅದು ಇನ್ನಷ್ಟು ಹೊಡೆಯುತ್ತೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಆಪರೇಷನ್ ಥಿಯೇಟರ್ ಸಿಬ್ಬಂದಿ, ದಾವಣಗೆರೆ: ಆಪರೇಷನ್ ಆದ ಮೇಲೆ ಡಿಜೆ ಸ್ಟೆಂಟ್ ಒಳಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಎರಡೂ ತುದಿ ಸುರುಳಿ ಸುತ್ತಿದ, ಸುಮಾರು 2 ಮಿ.ಮೀ. ದಪ್ಪದ ಮೆತ್ತನೆ ಟ್ಯೂಬು ಅದು. ಅದಿರುವಷ್ಟು ದಿನ ಪದೇಪದೇ ಮೂತ್ರಕ್ಕೆ ಅವಸರ, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಸೆಳೆತ, ಓಡಾಡಿದರೆ ಮೂತ್ರ ಸ್ವಲ್ಪ ಕೆಂಪು, ಇವೆಲ್ಲ ಇದ್ದದ್ದೇ. ತೆಗೆಯುವ ದಿನಾಂಕವನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿ. ನೋವಿಲ್ಲ ಅಂತ ತಿಂಗಳುಗಟ್ಟಲೆ ಬಿಟ್ಟರೆ ಸ್ಟೆಂಟಿಗೇ ಕಲ್ಲು ಕಟ್ಟುತ್ತೆ, ಆಮೇಲೆ ಅದನ್ನು ಬಿಡಿಸೋದು ಮೊದಲಿನದಕ್ಕಿಂತ ದೊಡ್ಡ ಆಪರೇಷನ್. ವೇಳೆಗೆ ಬಂದರೆ ಮರಗಟ್ಟಿಸುವ ಜೆಲ್ಲಿ ಹಾಕಿ ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ.

ಹೊಳಲ್ಕೆರೆಯಿಂದ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಅಲ್ಲದಿದ್ದರೆ ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ. ಅಲ್ಲಿ ಸೌಲಭ್ಯ ಇಲ್ಲ ಅಂತ ರೆಫರಲ್ ಬರೆಸಿಕೊಂಡ ಮೇಲೇ ಖಾಸಗಿ ಆಸ್ಪತ್ರೆ. ಸ್ಟೆಂಟ್ ತೆಗೆಯೋದು ಅದರಲ್ಲೇ ಸೇರಿದೆಯಾ ಅಂತ ಅಡ್ಮಿಟ್ ಆಗೋ ಮುಂಚೆ ಕೇಳಿ.

ಡಯಟಿಷಿಯನ್, ಚಿತ್ರದುರ್ಗ: ಬಾಳೆದಿಂಡು, ಹುರುಳಿಕಟ್ಟು ಊಟದಲ್ಲಿ ಇರಲಿ, ಆದರೆ 11 ಮಿ.ಮೀ. ಕ್ಯಾಲ್ಸಿಯಂ ಕಲ್ಲು ಅದರಲ್ಲಿ ಕರಗಲ್ಲ. ಅದನ್ನು ನಂಬಿ ತಿಂಗಳು ಕಳೆದರೆ, ಕಟ್ಟಿಕೊಂಡ ಕಿಡ್ನಿ ಸದ್ದಿಲ್ಲದೆ ಹಾಳಾಗಬಹುದು. ನೋವು ಎದ್ದಾಗ ಚೊಂಬುಗಟ್ಟಲೆ ನೀರು ಕುಡಿಸಿದರೂ ಕಲ್ಲು ಜಾರಲ್ಲ, ನೋವೇ ಜಾಸ್ತಿ ಆಗುತ್ತೆ. ನೀರು ದಿನವಿಡೀ ಹಂಚಿ ಕುಡಿಯಬೇಕು, ದಿನಕ್ಕೆ 2ರಿಂದ 2.5 ಲೀಟರ್ ಮೂತ್ರ ಆಗುವಷ್ಟು. ಈ ಕಡೆ ಬಿಸಿಲಲ್ಲಿ ಕೆಲಸ ಮಾಡುವವರಿಗೆ 3 ಲೀಟರ್ ನೀರೂ ಸಾಲಲ್ಲ. ಹಾಲು, ಮಜ್ಜಿಗೆ, ರಾಗಿ ಬಿಡಿಸಬೇಡಿ: ಊಟದಲ್ಲಿನ ಕ್ಯಾಲ್ಸಿಯಂ ಕಲ್ಲು ಕಟ್ಟಿಸುವ ಆಕ್ಸಲೇಟನ್ನು ಕರುಳಲ್ಲೇ ಹಿಡಿದುಕೊಳ್ಳುತ್ತೆ. ಕಡಿಮೆ ಮಾಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಮಂಡಕ್ಕಿ–ಮಿರ್ಚಿ ಇದರ ಲೆಕ್ಕದಲ್ಲೇ ಬರುತ್ತೆ. ಆಕ್ಸಲೇಟ್ ಕಲ್ಲು ಅಂತ ಗೊತ್ತಾದರೆ ಪಾಲಕ್, ಶೇಂಗಾ ಮಿತಿಯಲ್ಲಿರಲಿ. ಅದು ಗೊತ್ತಾಗಲು ಈಗಿನಿಂದಲೇ ಮೂತ್ರವನ್ನು ತೆಳು ಬಟ್ಟೆಯಲ್ಲಿ ಸೋಸಿ. ಕಲ್ಲು ಸಿಕ್ಕರೆ ತೊಳೆದು ಒಣಗಿಸಿ ಡಬ್ಬಿಯಲ್ಲಿಟ್ಟು ಪರೀಕ್ಷೆಗೆ ಕೊಡಿ.