ಸ್ಪೈರಲ್ಲಾ, ವೈರೋನಾ, ಪರ್ಫೆಕ್ಟಾ? ಪ್ರೆಸೆಂಟೇಶನ್ ಬೈಂಡಿಂಗ್ ಬಗ್ಗೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ನಮ್ಮ ಸಣ್ಣ ಉದ್ದಿಮೆದಾರರ ಗುಂಪಿನಲ್ಲಿ ದಾವಣಗೆರೆಯ ಪ್ರಿಂಟ್ ಅಂಗಡಿ ಅಕ್ಕ ಇದ್ದಾರೆ. ಬ್ಯಾಂಕು, ಟೆಂಡರ್, ಗ್ರಾಹಕರ ಮೀಟಿಂಗ್‌ಗೆ ಒಯ್ಯುವ ಪ್ರೆಸೆಂಟೇಶನ್‌ಗೆ ಯಾವ ಬೈಂಡಿಂಗ್ ಮಾಡಿಸಬೇಕು ಅಂತ ಕೇಳಬಹುದು. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಮೈಸೂರು ಮಸಾಲೆ: ನಮಸ್ಕಾರ ಅಕ್ಕ. ಹೋಟೆಲ್‌ನವರಿಗೆ ತೋರಿಸಲು 30 ಹಾಳೆಯ ಪ್ರೆಸೆಂಟೇಶನ್ ಇದೆ. ಸ್ಪೈರಲ್ ಸಾಕಾ, ವೈರೋ ಬೇಕಾ?

ಅಕ್ಕ: ನಮಸ್ಕಾರ. ಎದುರಿಗೆ ಕೂತು ತೋರಿಸುವುದಾದರೆ ವೈರೋ. ಎರಡೆರಡು ತಂತಿಯ ಬಳೆ ಇರುತ್ತದಲ್ಲ, ಅದು. ಪುಟ ಪೂರ್ತಿ ಹಿಂದಕ್ಕೆ ಮಡಚುತ್ತದೆ, ಎದುರುಬದುರು ಪುಟ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ಸ್ಪೈರಲ್‌ನಲ್ಲಿ ಒಂದು ಪುಟ ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ ಕಾಣುತ್ತದೆ. ಕೊರಿಯರ್ ಮಾಡುವುದಾದರೆ ಮಾತ್ರ ಪ್ಲಾಸ್ಟಿಕ್ ಸ್ಪೈರಲ್. ಅದು ಅದುಮಿದರೂ ಮತ್ತೆ ಸರಿಯಾಗುತ್ತದೆ. ವೈರೋ ಒಮ್ಮೆ ಚಪ್ಪಟೆಯಾದರೆ ಮುಗಿಯಿತು.

ಗದಗ ಗಿರಣಿ: ಮೇಡಂ, ಸ್ಪೈರಲ್ ಒಳ್ಳೆಯದೋ ವೈರೋ ಒಳ್ಳೆಯದೋ?

ಅಕ್ಕ: ಮೇಲಿನ ಉತ್ತರ ಓದಿ.

ತುಮಕೂರು ಟೂಲ್ಸ್: ಅಕ್ಕ, ಸ್ವಲ್ಪ ಅರ್ಜೆಂಟ್. ಸೋಮವಾರ ಬ್ಯಾಂಕಿನಲ್ಲಿ ಸಾಲದ ಮೀಟಿಂಗ್. 92 ಪುಟ, ಎರಡೂ ಬದಿ ಪ್ರಿಂಟ್, 170 ಜಿಎಸ್ಎಂ (ಚದರ ಮೀಟರಿಗೆ 170 ಗ್ರಾಂ ತೂಗುವ) ಗ್ಲಾಸಿ ಆರ್ಟ್ ಪೇಪರ್, ಎ4 ಅಡ್ಡ. 12 ಸೆಟ್ ಆಗಲೇ ಪ್ರಿಂಟ್ ಆಗಿದೆ. ಪರ್ಫೆಕ್ಟ್ ಬೈಂಡಿಂಗ್ ಮಾಡಿಸು, ಪುಸ್ತಕದ ಥರ ರಿಚ್ ಆಗಿ ಕಾಣುತ್ತದೆ ಅಂತಾರೆ ಮಾವ. ಮಾಡಿಸಲಾ?

ಅಕ್ಕ: ತಡೀರಿ, ಅಂಗಡಿಗೆ ಇನ್ನೂ ಕೊಡಬೇಡಿ. ಮೂರು ವಿಷಯ ಹೇಳಿ. ಸ್ಲೈಡ್ 16:9 ಅಳತೆಯದಾ? ಎಡ ಅಂಚಿನಿಂದ ಅಕ್ಷರ ಎಷ್ಟು ದೂರದಲ್ಲಿ ಶುರುವಾಗುತ್ತದೆ? ಒಂದು ಹಾಳೆ ಹಿಡಿದು, ಕೆಳ ಅಂಚನ್ನು ಮೇಲಕ್ಕೆತ್ತಿ ಮಗುಚಿ. ಹಿಂದಿನ ಪುಟ ನೆಟ್ಟಗೆ ಕಾಣುತ್ತದಾ, ತಲೆಕೆಳಗಾ?

ಹುಬ್ಳಿ ಹಾರ್ಡ್‌ವೇರ್: ಈ ಕಾಲದಲ್ಲೂ ಪ್ರಿಂಟಾ? ಪಿಡಿಎಫ್ ಕಳಿಸಿ ಮಾರಾಯ್ರೆ. ಸುಮ್ನೆ ಮರ ಕಡಿಯೋದು.

ಮಂಗಳೂರು ಮೆರೈನ್: ಪಿಡಿಎಫ್ ಕಳಿಸಿದರೆ ಯಾರು ತೆಗೆದು ನೋಡ್ತಾರೆ? ಕೈಯಲ್ಲಿ ಕೊಟ್ಟರೆ ಒಂದೆರಡು ಪುಟವಾದರೂ ತಿರುಗಿಸ್ತಾರೆ.

ತುಮಕೂರು ಟೂಲ್ಸ್: ಹೌದು ಅಕ್ಕ, 16:9. ಎಡಗಡೆ ಟೇಬಲ್ ಅಂಚಿನಿಂದ 8 ಮಿ.ಮೀ.ಗೇ ಶುರು. ಮೇಲೆ ಕೆಳಗೆ ಬಿಳಿ ಪಟ್ಟಿ ಬಂದಿದೆ, ಅಸಹ್ಯ. ನೀವು ಹೇಳಿದ ಹಾಗೆ ಮಗುಚಿದರೆ ಹಿಂದಿನ ಪುಟ ನೆಟ್ಟಗಿದೆ. ಆದರೆ ಪುಸ್ತಕದ ಹಾಗೆ ಬದಿಗೆ ತಿರುಗಿಸಿದರೆ ತಲೆಕೆಳಗು! ಎಲ್ಲಾ ವೇಸ್ಟಾ?

ಅಕ್ಕ: ವೇಸ್ಟ್ ಅಲ್ಲ. ಗಾಬರಿ ಬೇಡ, ಪೂರ್ತಿ ಓದಿ.

ಮೊದಲು ಪರ್ಫೆಕ್ಟ್ ಬೈಂಡಿಂಗ್ ಬಿಟ್ಟುಬಿಡಿ. ಅದರಲ್ಲಿ ಹಾಳೆಗಳ ಬೆನ್ನನ್ನು ಒರಟು ಮಾಡಿ ಬಿಸಿ ಅಂಟಿನಲ್ಲಿ ಕೂರಿಸುತ್ತಾರೆ. ಅಂಟು ಕಾಗದದ ನಾರಿಗೆ ಹಿಡಿಯಬೇಕು. ಆರ್ಟ್ ಪೇಪರ್ ಮೇಲೆ ಹೊಳಪಿನ ಲೇಪ ಇರುವುದರಿಂದ ಎಷ್ಟೋ ಕಡೆ ಅಂಟು ಲೇಪವನ್ನಷ್ಟೇ ಹಿಡಿದಿರುತ್ತದೆ. 170 ಜಿಎಸ್ಎಂ ಹಾಳೆ ಗಡಸು, ಬಾಗುವುದಿಲ್ಲ. ಮ್ಯಾನೇಜರ್ ಪುಟ ಅಗಲಿಸಿ ಅಂಗೈಯಿಂದ ಒತ್ತುತ್ತಾರೆ. ಬೆನ್ನು ಟಕ್ ಅಂತ ಬಿಟ್ಟು, ನಿಮ್ಮ ಬ್ಯಾಲೆನ್ಸ್ ಶೀಟ್ ಅವರ ಕೈಗೆ ಬರುತ್ತದೆ. ಹಾಗೆ ಬಿಡದಿದ್ದರೂ ಒಳ ಅಂಚು ಬೆನ್ನಿನಲ್ಲಿ ಹೂತುಹೋಗುತ್ತದೆ. 8 ಮಿ.ಮೀ.ಗೆ ಶುರುವಾಗುವ ಟೇಬಲ್ಲಿನ ಮೊದಲ ಕಾಲಂ ಓದಲು ಆಗುವುದಿಲ್ಲ.

ಎಡಕ್ಕೆ ವೈರೋ ಹಾಕಿದರೂ ಕಷ್ಟ. ಪಂಚ್ ತೂತು ಅಂಚಿನಿಂದ ಸುಮಾರು 7 ಮಿ.ಮೀ. ತನಕ ಬರುತ್ತದೆ. ನಿಮಗೆ ಉಳಿಯುವುದು ಒಂದೇ ಮಿ.ಮೀ. ಹಿಂದಿನ ಪುಟ ಬೇರೆ ತಲೆಕೆಳಗು.

ಈಗ ನೀವು ಅಸಹ್ಯ ಅಂದ ಬಿಳಿ ಪಟ್ಟಿಗೆ ಬನ್ನಿ. ಎ4 ಹಾಳೆ 297 ಮಿ.ಮೀ. ಅಗಲ, 210 ಮಿ.ಮೀ. ಎತ್ತರ. 16:9 ಸ್ಲೈಡ್ ಅಗಲಕ್ಕೆ ಪೂರ್ತಿ ಕೂತರೆ ಎತ್ತರದಲ್ಲಿ ಸುಮಾರು 167 ಮಾತ್ರ ತುಂಬುತ್ತದೆ. ಮಿಕ್ಕಿದ್ದು ಮೇಲೆ ಕೆಳಗೆ ತಲಾ ಎರಡು ಸೆಂಟಿಮೀಟರ್ ಖಾಲಿ. ವೈರೋಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಮೇಲಿನ ಉದ್ದ ಅಂಚಿಗೆ ಪಂಚ್ ಹೊಡೆಸಿ, ಗೋಡೆ ಕ್ಯಾಲೆಂಡರ್ ಥರ. ನಿಮ್ಮ ಪ್ರಿಂಟ್ 'ಲಾಂಗ್ ಎಡ್ಜ್' ಅಂತ, ಅಂದರೆ ಉದ್ದ ಅಂಚಿನ ಮೇಲೆ ಮಗುಚುವ ಹಾಗೆ ಬಿದ್ದಿದೆ. ಮೇಲಕ್ಕೆ ಮಗುಚಿದಾಗ ಹಿಂದಿನ ಪುಟವೂ ನೆಟ್ಟಗೇ ಬರುತ್ತದೆ. ಒಂದು ಹಾಳೆಯನ್ನೂ ಮತ್ತೆ ಪ್ರಿಂಟ್ ಹಾಕಿಸಬೇಕಿಲ್ಲ.

ವೈರ್ ಅಳತೆ: 46 ಹಾಳೆ ಗಟ್ಟಿಯಾಗಿ ಅದುಮಿ ಸ್ಕೇಲ್ ಇಟ್ಟು ನೋಡಿ. 6 ಮಿ.ಮೀ. ಆಸುಪಾಸು ಇರಬೇಕು. ಮುಂದೆ ಒಎಚ್‌ಪಿ ಶೀಟು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), ಹಿಂದೆ ಬೋರ್ಡ್ ಸೇರಿ 9.5 ಮಿ.ಮೀ. ವೈರ್ ಸರಿ. ಅಂಗಡಿಯವನು 'ಇರೋದ್ರಲ್ಲಿ ಹಾಕ್ತೀನಿ' ಅಂತ 6ರದ್ದು ಹಾಕಿದರೆ ಪುಟ ತಿರುಗಲ್ಲ. ಎ4 ಉದ್ದಕ್ಕೆ ಕತ್ತರಿಸಿದ ವೈರೇ ಅಂಗಡಿಯಲ್ಲಿ ಸಿಗುತ್ತದೆ, ತುಂಡು ಮಾಡುವ ಕೆಲಸವೂ ಇಲ್ಲ.

ಇನ್ನೊಂದು. ವೈರ್ ಒತ್ತಿ ಮುಚ್ಚುವ ಮುಂಚೆ ಹಿಂದಿನ ಬೋರ್ಡನ್ನು ತೆಗೆದು ಮುಂದಿನ ಶೀಟಿನ ಮೇಲೆ ಹಾಗೆಯೇ ಇಡಲು ಹೇಳಿ. ಮುಚ್ಚಿದ ಮೇಲೆ ಅದನ್ನು ಹಿಂದಕ್ಕೆ ತಿರುಗಿಸಿದರೆ ವೈರಿನ ಬಾಯಿ (ತುದಿಗಳು ಕೂಡುವ ಜಾಗ) ಬೋರ್ಡಿಗೂ ಕೊನೆ ಪುಟಕ್ಕೂ ನಡುವೆ ಅಡಗುತ್ತದೆ. ಕೈಗೆ ಚುಚ್ಚಲ್ಲ. ಮೊದಲು ಒಂದೇ ಸೆಟ್ ಮಾಡಿಸಿ, ಪೂರ್ತಿ ತಿರುಗಿಸಿ ನೋಡಿ. ಆಮೇಲೆ ಮಿಕ್ಕ 11.

ತುಮಕೂರು ಟೂಲ್ಸ್: ಅಕ್ಕ, ನಿಮಗೆ ದೊಡ್ಡ ನಮಸ್ಕಾರ. ಮಾವನಿಗೆ ಇದನ್ನೇ ಓದಿಸ್ತೀನಿ.

ಬೆಳಗಾವಿ ಬೇಕರಿ: ಫಾರ್ವರ್ಡ್ ಆಗಿ ಬಂದಿದ್ದು: 'ಪರ್ಫೆಕ್ಟ್ ಬೈಂಡಿಂಗ್ ಪುಟ ಬಿಟ್ಟುಹೋದರೆ ಬೆನ್ನಿನ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆ 2 ನಿಮಿಷ ಇಡಿ, ಅಂಟು ಕರಗಿ ಹೊಸದರಂತೆ ಕೂರುತ್ತದೆ.' ಎಲ್ಲರಿಗೂ ಉಪಯೋಗ ಆಗಲಿ.

ಅಕ್ಕ: ಆಗಲ್ಲ. ಲೇಸರ್ ಪ್ರಿಂಟಿನ ಟೋನರ್ ಕೂಡ ಬಿಸಿಗೆ ಕರಗುವ ಪುಡಿಯೇ. ಅಂಟು ಕರಗುವಷ್ಟು ಹೊತ್ತು ಪೆಟ್ಟಿಗೆ ಇಟ್ಟರೆ ಬೆನ್ನಿನ ಹತ್ತಿರದ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕವರಿನ ಲ್ಯಾಮಿನೇಶನ್ ಗುಳ್ಳೆ ಏಳುತ್ತದೆ. ದಯವಿಟ್ಟು ಮಾಡಬೇಡಿ.

ರಾಯಚೂರು ರೈಸ್: ಹಾಗಾದರೆ ಹತ್ತಿ ಬಟ್ಟೆ ಪಟ್ಟಿಗೆ ಫೆವಿಕ್ವಿಕ್ ಹಚ್ಚಿ ಬೆನ್ನಿಗೆ ಸುತ್ತೋದು? ಅದೂ ಒಂದು ವಿಡಿಯೋ ಇದೆ.

ಅಕ್ಕ: ಅದು ಇನ್ನೂ ಅಪಾಯ. ಆ ಅಂಟು ಹತ್ತಿಗೆ ತಗುಲಿದರೆ ಕಾವೇರುತ್ತದೆ, ಜಾಸ್ತಿ ಸುರಿದರೆ ಹೊಗೆ ಬರುತ್ತದೆ, ಕೈ ಸುಡುತ್ತದೆ. ವಿಡಿಯೋ ಮಾಡಿದವರು ನಿಮ್ಮ ಕೈಗೆ ಮುಲಾಮು ತಂದುಕೊಡಲ್ಲ. ಬಿಟ್ಟ ಪುಟ ಇದ್ದರೆ ಬೈಂಡರ್ ಹತ್ತಿರ ಹೋಗಿ.

ಹುಬ್ಳಿ ಹಾರ್ಡ್‌ವೇರ್: ಒಎಚ್‌ಪಿ ಶೀಟ್ ಹಾಕಿ ಅಂತ ಹೇಳಿದ್ರಲ್ಲ, ಪ್ಲಾಸ್ಟಿಕ್ ಬ್ಯಾನ್ ಆಗಿಲ್ವಾ? 2022ರಲ್ಲೇ?

ಮಂಗಳೂರು ಮೆರೈನ್: 2022ರ ಜುಲೈ 1ರ ಪಟ್ಟಿ ಓದಿದ್ದೀರಾ? ಅದರಲ್ಲಿ ಸ್ಟ್ರಾ, ಚಮಚ, ತಟ್ಟೆ, 100 ಮೈಕ್ರಾನ್‌ಗಿಂತ ತೆಳು ಬ್ಯಾನರ್ ಇವೆ. ಬೈಂಡಿಂಗ್ ಶೀಟ್ ಎಲ್ಲಿದೆ?

ಹುಬ್ಳಿ ಹಾರ್ಡ್‌ವೇರ್: ಇನ್ವಿಟೇಶನ್ ಕಾರ್ಡಿಗೆ ಸುತ್ತುವ ಪ್ಲಾಸ್ಟಿಕ್ ಇದೆ. ಅದೂ ಇದೂ ಒಂದೇ.

ಮಂಗಳೂರು ಮೆರೈನ್: ಒಂದೇ ಹೇಗೆ ಆಗುತ್ತೆ? ಅದು ಸುತ್ತುವ ಫಿಲ್ಮು. ಓದದೆ ಮಾತಾಡೋದು ನಿಮ್ಮ ಅಭ್ಯಾಸ. ಹೋದ ಸಲ ಜಿಎಸ್‌ಟಿ ವಿಷಯದಲ್ಲೂ ಇದೇ ಆಗಿತ್ತು.

ಹುಬ್ಳಿ ಹಾರ್ಡ್‌ವೇರ್: ಜಿಎಸ್‌ಟಿ ಈಗ ಯಾಕೆ ಬಂತು? ಸಮುದ್ರ ಪಕ್ಕದಲ್ಲಿ ಇಟ್ಟುಕೊಂಡು ಪ್ಲಾಸ್ಟಿಕ್ ಪರ ವಾದ ಮಾಡ್ತೀರಲ್ಲ, ಅದು ಹೇಳಿ.

ಅಕ್ಕ: ಶೀಟ್ ಬೇಡದಿದ್ದರೆ 300 ಜಿಎಸ್ಎಂ ಕಾರ್ಡಿನ ಕವರ್ ಹಾಕಿಸಿ. ಜಗಳ ಮುಗೀತಲ್ವಾ?

ಮೈಸೂರು ಮಸಾಲೆ: ಮುಗಿದಿಲ್ಲ ಅನ್ಸುತ್ತೆ ಅಕ್ಕ 😄

ಕಲಬುರಗಿ ಕಾಂಟ್ರಾಕ್ಟರ್: ಮೇಡಂ, ಟೆಂಡರ್ ಜೊತೆ ಕೊಡುವ ಕಂಪನಿ ಪ್ರೊಫೈಲ್‌ಗೆ ಸ್ಪೈರಲ್ ನಡೆಯುತ್ತಾ?

ಅಕ್ಕ: ಟೆಂಡರ್ ದಾಖಲೆ ಓದಿ. ಎಷ್ಟೋ ಕಡೆ ಸ್ಪೈರಲ್ ಬೇಡ, ಪುಸ್ತಕದಂತೆ ಗಟ್ಟಿ ಬೈಂಡ್ ಇರಬೇಕು ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಸ್ಪೈರಲ್ ಬಿಚ್ಚಿ ಹಾಳೆ ಬದಲಿಸುವುದು ಸುಲಭ, ಅದಕ್ಕೆ. ಹಾರ್ಡ್ ಬೈಂಡ್ ಮಾಡಿಸಿ. ಪುಟ ಸಂಖ್ಯೆ, ಸಹಿ, ಸೀಲು ಬೈಂಡಿಂಗಿಗೆ ಮೊದಲೇ ಮುಗಿಸಿ. ಅಂಟು ಒಣಗಲು ಹೊತ್ತು ಬೇಕು. ಕೊನೆ ದಿನ ಬಂದು ನನ್ನ ತಲೆ ತಿನ್ನಬೇಡಿ.

ಉಡುಪಿ ಸೋಲಾರ್: 18 ಸ್ಲೈಡ್‌ಗೆ ಸೆಂಟರ್ ಪಿನ್ (ಹಾಳೆ ಮಡಚಿ ನಡುವೆ ಪಿನ್ ಹೊಡೆಯೋದು) ಆಗುತ್ತಾ?

ಅಕ್ಕ: ಒಂದು ಹಾಳೆ ಮಡಚಿದರೆ 4 ಪುಟ, ಹಾಗಾಗಿ ಪುಟ 4ರ ಲೆಕ್ಕದಲ್ಲಿ ಇರಬೇಕು. 16 ಮಾಡಿ, ಇಲ್ಲಾ 20.

ಹಾಸನ ಕಾಫಿ: ಹಳೆ ಪರ್ಫೆಕ್ಟ್ ಬೈಂಡಿಂಗ್ ಮೆಷಿನ್ ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಪಿಯುಆರ್ ಅನ್ನೋ ಗಟ್ಟಿ ಅಂಟಿನದು ನೋಡಬೇಕಾ?

ಗದಗ ಗಿರಣಿ: ವೈರೋ ರೇಟ್ ಎಷ್ಟು?

ರಾಯಚೂರು ರೈಸ್: ಸ್ಪೈರಲ್ ರೇಟ್ ಕೂಡ ಹೇಳಿ.

ಅಕ್ಕ: ನಿಮ್ಮೂರಿನ ಅಂಗಡಿಯಲ್ಲಿ ಕೇಳಿ. ನಾನು ಇಲ್ಲಿ ರೇಟ್ ಬೋರ್ಡ್ ನೇತುಹಾಕಲು ಬಂದಿಲ್ಲ.

ರಾಯಚೂರು ರೈಸ್: ಕೇಳಿದ್ದು ತಪ್ಪಾ? ಇಷ್ಟು ಸಿಟ್ಟು ಯಾಕೆ?

ಹುಬ್ಳಿ ಹಾರ್ಡ್‌ವೇರ್: ಅದಕ್ಕೇ ಹೇಳಿದ್ದು, ಪಿಡಿಎಫ್.

ಮಂಗಳೂರು ಮೆರೈನ್: ಮತ್ತೆ ಶುರು.

ಅಡ್ಮಿನ್: ಇಬ್ಬರೂ ಸುಮ್ಮನಿರಿ, ಇಲ್ಲಾಂದ್ರೆ ಮ್ಯೂಟ್ ಮಾಡ್ತೀನಿ.

ತುಮಕೂರು ಟೂಲ್ಸ್: ಅಕ್ಕ, ಇನ್ನೊಂದೇ. ಅಂಗಡಿಯವನು ಮೇಲಿನ ಅಂಚಿಗೆ ಪಂಚ್ ಆಗಲ್ಲ, ಮೆಷಿನ್ ಬಾಯಿ ಚಿಕ್ಕದು ಅಂತಾನೆ.

ಅಕ್ಕ: ಉದ್ದ ಬರೆದ ಎ4ಗೆ ಪಂಚ್ ಹೊಡೆಯೋದು ಅದೇ 297ರ ಅಂಚಿಗಲ್ವಾ? ಅಡ್ಡ ಬರೆದಿದ್ದನ್ನು ನೋಡಿ ಅವನಿಗೆ ಗೊಂದಲ. ಬಿಳಿ ಪಟ್ಟಿ ಮೆಷಿನ್ ಕಡೆ ಮಾಡಿ ಕೊಡಿ, ಒಂದು ಖಾಲಿ ಹಾಳೆಗೆ ಹೊಡೆಸಿ ತೋರಿಸಿ. ಒಂದು ಸಲಕ್ಕೆ ಎಂಟು ಹತ್ತು ಹಾಳೆಗಿಂತ ಜಾಸ್ತಿ ತುರುಕಿದರೆ ತೂತು ಹರಿಯುತ್ತದೆ, ಅದನ್ನೂ ಹೇಳಿ. ಆಮೇಲೂ ಆಗಲ್ಲ ಅಂದರೆ ಬೇರೆ ಅಂಗಡಿ ನೋಡಿ.